ಮಲ್ಲಿಗೆಯ ಬುಡದ ಗಡಿಗೆ

ಅತ್ತೆ ಧಾರವಾಡದ ಕಡೆಯವರು. ಹೊಸ ಪಂಚಾಂಗ ಗೋಡೆಗೆ ಬಂತೆಂದರೆ ದಾಂಡೇಲಿಯ ನಮ್ಮ ಮನೆಯಲ್ಲಿ ಅವರದೇ ಕಾನೂನು. ಕಿಟಕಿಯ ಕೆಳಗೆ ಮರಳು ಹಾಸಿ ಹೊಸ ಗಡಿಗೆ, ಅದರೊಳಗೆ ಲಾವಂಚದ ಬೇರು. ಜೋಳಕ್ಕೆ ಬೇವಿನ ಸೊಪ್ಪು. ಬಿಸಿಲಿನಿಂದ ಬಂದವರಿಗೆ ಮೊದಲು ಬೆಲ್ಲ, ಆಮೇಲೆ ನೀರು. ಅಶ್ವಿನಿ, ಭರಣಿ ಮಳೆಗಳನ್ನು ನಂಬಿ ಗಿಡ ಒಣಗಿಸಬೇಡ ಎನ್ನುತ್ತಿದ್ದರು. ಮಲ್ಲಿಗೆಯ ಬುಡದಲ್ಲಿ ಹಳೆಯ ಗಡಿಗೆಯೊಂದನ್ನು ಕಂಠದವರೆಗೆ ಹೂತು, ನೀರು ತುಂಬಿ, ಮುಚ್ಚಳ ಇಟ್ಟವರೂ ಅವರೇ. ನೀರು ಜಿನುಗಿ ತಾನೇ ಬೇರಿಗೆ ಹೋಗುತ್ತಿತ್ತು. ವೈಶಾಖದಲ್ಲಿ ನೀರು ಕೇಳಿದವರಿಗೆ ಇಲ್ಲ ಎಂದರೆ ಏಳು ಜನ್ಮದ ಪಾಪವಂತೆ. ಅತ್ತೆ ಹೋಗಿ ಬಹಳ ವರ್ಷವಾಯಿತು. ಆ ಪಾಪವನ್ನು ನಾನೀಗ ದಿನಾ ಮಾಡುತ್ತೇನೆ.

ನಮ್ಮ ಯಜಮಾನರ ಎರಡೂ ಕಿಡ್ನಿ ಕೆಟ್ಟಿವೆ. ಡಯಾಲಿಸಿಸ್‌ಗೆ ಹಳಿಯಾಳದ ಮೇಲೆ ಧಾರವಾಡಕ್ಕೆ ಹೋಗಿ ಬರುತ್ತೇವೆ. ಕುಡಿದ ನೀರು ಹೊರಗೆ ಬರುವುದಿಲ್ಲ. ಕಾಲಿಗೆ, ಮುಖಕ್ಕೆ, ಕೊನೆಗೆ ಎದೆಗೆ ಇಳಿಯುತ್ತದೆ. ಬೆಳಿಗ್ಗೆ ಒಂದು ಸಣ್ಣ ಬಾಟಲಿ ತುಂಬಿಸಿ ಕೊಟ್ಟರೆ ದಿನಕ್ಕೆಲ್ಲ ಅಷ್ಟೇ. ಚಹಾ, ಸಾರು, ಗುಳಿಗೆಯ ಗುಟುಕು ಎಲ್ಲ ಅದರ ಲೆಕ್ಕದಲ್ಲೇ ಬರಬೇಕು.

ಪುಕ್ಕಟೆ ಬುದ್ಧಿ ಹೇಳುವವರಿಗೇನು ಬರವೇ? ಎಳನೀರು ಕೊಡಿ, ತಂಪು ಎನ್ನುತ್ತಾರೆ. ಎಳನೀರು ಅವರ ಎದೆಬಡಿತವನ್ನೇ ನಿಲ್ಲಿಸಬಹುದು ಎಂದು ಡಾಕ್ಟರು ಹೇಳಿದ್ದಾರೆ. ಮಜ್ಜಿಗೆ, ಪಾನಕ, ಕಲ್ಲಂಗಡಿ, ಉಪ್ಪಿನಕಾಯಿ, ಅತ್ತೆಯ ಬೇಸಿಗೆಯೆಲ್ಲ ನಮಗೆ ವಿಷವಾಗಿದೆ.

ಕೆಲಸಕ್ಕೆ ಬರುವ ಮಾತು ಹೇಳಿದವಳು ಪಕ್ಕದ ಮನೆಯ ಮೆಕ್ಯಾನಿಕನ ಹೆಂಡತಿ. ಆಗ ರಂಜಾನ್. ರೋಜಾ ಹಿಡಿದು ಒಣಗಿದ ತುಟಿಯಲ್ಲೇ ಬಂದು ಕಲಿಸಿದಳು. ಬಾಯಿ ಮುಕ್ಕಳಿಸಿ ಉಗುಳಲಿ, ಕುತ್ತಿಗೆಗೆ ಒದ್ದೆ ಟವೆಲ್ ಹಾಕಿ, ಉಪ್ಪು ಖಾರ ಮುಟ್ಟಿಸಬೇಡಿ, ಅವರೆದುರು ನೀರಿನ ಸುದ್ದಿಯನ್ನೇ ತೆಗೆಯಬೇಡಿ ಎಂದಳು. ಹೊರಟವಳು ಬಾಗಿಲಲ್ಲಿ ನಿಂತಳು.

"ನಮಗ ಸಂಜಿಗೆ ಮಸೀದ್ಯಾಗ ಬಾಂಗ್ ಆದ್ರ ನೀರ ಸಿಗತೈತ್ರಿ ಅಕ್ಕಾರ. ಅಣ್ಣಾರಿಗೆ ಯಾವಾಗ್ರಿ?"

ಒಳಗೆ ಹೋಗಿ ತಿಕ್ಕಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕಿದೆ.

ಬಿಸಿಲು ಏರಿದಂತೆ ಯಜಮಾನರು ಕದ್ದು ನೀರು ಕುಡಿಯತೊಡಗಿದರು. ನಾನು ಅಡುಗೆಮನೆಗೆ ಬೀಗ ಹಾಕಿದೆ, ಬಚ್ಚಲಿನ ಬಕೆಟ್ ಬೋರಲು ಹಾಕಿದೆ. ಕಟ್ಟಿಕೊಂಡ ಗಂಡನನ್ನು ಕಳ್ಳನಂತೆ ಕಾಯುವ ಗತಿ ಯಾವ ಶತ್ರುವಿಗೂ ಬೇಡ. ಎಲ್ಲ ನೆನಪಿತ್ತು, ರೂಢಿಯಂತೆ ನಾನೇ ನೀರು ತುಂಬಿಸುತ್ತಿದ್ದ ಗಿಡದ ಗಡಿಗೆಯೊಂದನ್ನು ಬಿಟ್ಟು.

ಒಂದು ಮಧ್ಯಾಹ್ನ ಸಂತೆಯಿಂದ ಬಂದಾಗ ಅವರು ಮಲ್ಲಿಗೆಯ ಬುಡದಲ್ಲಿ ಮೊಣಕಾಲೂರಿ ಕೂತಿದ್ದರು. ಮುಚ್ಚಳ ಪಕ್ಕಕ್ಕಿತ್ತು. ಗಲ್ಲದ ಮೇಲೆ ಕೆಸರು. ಕೈ ಹಿಡಿದು ಎಬ್ಬಿಸಿದರೆ ನನ್ನ ಮುಖ ನೋಡಲಿಲ್ಲ. ಸಂಜೆಗೆ ಉಸಿರು ಕಟ್ಟಿತು. ಮೆಕ್ಯಾನಿಕ್ ರೋಜಾ ಬಿಡಲೂ ನಿಲ್ಲದೆ ರಿಪೇರಿಗೆ ಬಂದ ಯಾರದೋ ಕಾರು ತಂದ. ಧಾರವಾಡ ಮುಟ್ಟುವವರೆಗೂ ನಾನು ಅವರ ಬೆನ್ನು ಹಿಡಿದು ಕೂಡಿಸಿಕೊಂಡೇ ಇದ್ದೆ. ಆ ಸಲ ಉಳಿದರು.

ಮರಳಿದ ದಿನವೇ ಹಾರೆ ಹಿಡಿದು ಗಡಿಗೆ ಕಿತ್ತೆ. ಅತ್ತೆಯ ಮೇಲೆ, ದೇವರ ಮೇಲೆ, ಬಿಸಿಲಿನ ಮೇಲೆ ಇದ್ದ ಸಿಟ್ಟಿಗೆ ಅದು ಚೂರುಚೂರಾಯಿತು. ಮುಂದೆ ಗಿಡಕ್ಕೆ ನೀರು ಹಾಕಲಿಲ್ಲ. ಬಾಯಾರಿ ಕೂತ ಮನುಷ್ಯನ ಕಣ್ಣೆದುರು ಗಿಡಕ್ಕೆ ಹೇಗೆ ಸುರಿಯಲಿ? ಎಲೆ ಮುದುಡಿದವು, ಮೊಗ್ಗು ಕಂದಿ ಉದುರಿದವು.

ಕಿಟಕಿಯ ಪಕ್ಕದ ಮಂಚದಿಂದ ಅದನ್ನೇ ನೋಡುತ್ತಿದ್ದವರು ಒಂದು ದಿನ ಅಂದರು, "ಅದರ ಕಿಡ್ನಿ ನೆಟ್ಟಗ ಅದಾವಲ್ಲ. ಅದಕ್ಕರ ನೀರ ಹಾಕು."

ನಗಿಸಲೆಂದೇ ಅಂದದ್ದು. ನನಗೆ ಅಳು ತಡೆಯಲಾಗಲಿಲ್ಲ.

ಈಗ ಬೆಳಕು ಹರಿಯುವ ಮೊದಲೇ ಏಳುತ್ತೇನೆ. ಚೊಂಬಿನ ಬಾಯಿಯನ್ನು ಮಣ್ಣಿಗೆ ತಾಗಿಸಿ ಸದ್ದಾಗದಂತೆ ಬಗ್ಗಿಸುತ್ತೇನೆ. ಅಷ್ಟಾದರೂ ಕಿಟಕಿಯೊಳಗಿಂದ, ಒಣಗಿದ ಗಂಟಲು ಏನೂ ಇಲ್ಲದ್ದನ್ನು ನುಂಗುವುದು ಕೇಳಿಸುತ್ತದೆ.