ಮೊಣಕೈಯಲ್ಲಿ ಸುಕ್ಕಿಲ್ಲದ ಅಂಗಿ

ನಮ್ಮ ಸೋದರತ್ತೆ ಇಸ್ತ್ರಿ ಮಾಡುವಾಗ ಅಡ್ಡ ಮಾತಾಡಿದರೆ ಗ್ರಹಚಾರ ಬಿಡಿಸುತ್ತಾಳೆ. ಮೊದಲು ಕಾಲರ್, ಅದೂ ತುದಿಯಿಂದ ನಡುವಿಗೆ. ಆಮೇಲೆ ಹೆಗಲು, ಕೈಪಟ್ಟಿ, ತೋಳು. ಗುಂಡಿಗಳ ಸುತ್ತ ಇಸ್ತ್ರಿಪೆಟ್ಟಿಗೆಯ ಮೂತಿ ಮಾತ್ರ ಆಡಬೇಕು. ಬೆನ್ನು ಕಟ್ಟಕಡೆಗೆ.

"ಬೆನ್ನು ಮೊದ್ಲು ತಿಕ್ಕಿದ್ರೆ ತೋಳಿಗೆ ಬರೋ ಹೊತ್ತಿಗೆ ಮತ್ತೆ ಮುದುರಿರತ್ತೆ. ಅಷ್ಟೂ ಬುದ್ಧಿ ಬೇಡ್ವಾ?" ಅನ್ನುತ್ತಾಳೆ.

ವಯಸ್ಸು ನಲವತ್ತೆಂಟು. ಮದುವೆಯ ಮಾತೆತ್ತಿದವರ ಮುಖಕ್ಕೆ ಬಟ್ಟೆಗೆಂದು ಇಟ್ಟ ನೀರನ್ನೇ ಚಿಮುಕಿಸಿ ಓಡಿಸಿದವಳು. ಅವಳ ಇಸ್ತ್ರಿ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುವ ನಾನು ಇದಕ್ಕೆಲ್ಲ ಸಾಕ್ಷಿ.

ಬಸ್ ಡ್ರೈವರೊಬ್ಬರು ದಿನಾ ನಾಲ್ಕು ಗಂಟೆಗೆ ಒಂದು ನೀಲಿ ಅಂಗಿ ತರುತ್ತಿದ್ದರು. ಇಸ್ತ್ರಿ ಮುಗಿಯುವವರೆಗೆ ಸ್ಟೂಲಿನ ಮೇಲೆ ಕೂತು, ಬಸ್ಸಿನ ಹಾರನ್ ಕೆಟ್ಟ ಕಥೆಯನ್ನು ಬಣ್ಣ ಕಟ್ಟಿ ಹೇಳುತ್ತಿದ್ದರು. ಅತ್ತೆ ನಗುತ್ತಿದ್ದಳು! ಅಡ್ಡ ಮಾತಿಗೆ ಬೈಗುಳವೇ ಇಲ್ಲ!

ಒಂದು ಶುಕ್ರವಾರ ಅವರು ಅಂಗಿ ಕೊಟ್ಟು ಟೀ ಕುಡಿಯಲು ಹೋದಾಗ ಅತ್ತೆ ಅದನ್ನು ಬೆಳಕಿಗೆ ಹಿಡಿದಳು. "ನೋಡೇ, ಮೊಣಕೈ ಹತ್ರ ಒಂದು ಸುಕ್ಕಿಲ್ಲ. ಸೀಟಿಗೆ ಒರಗಿದ ಗುರುತೂ ಇಲ್ಲ. ಎದೆ ಮೇಲೆ ಮಾತ್ರ ಮುಷ್ಟಿಯಲ್ಲಿ ಹಿಸುಕಿದ ಹಾಗಿದೆ. ಈ ಅಂಗಿ ಮೈಮೇಲೆ ಏರೇ ಇಲ್ಲ!"

ನಾನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಗುಂಡಿಯನ್ನು ನುಂಗುವುದೊಂದು ಬಾಕಿ. ಅತ್ತೆಯ ಕಿವಿ ಕೆಂಪಾಯಿತು. ಅವಳು ಅಂಗಿಯನ್ನು ಹಾಸಿ, ಬೆನ್ನನ್ನೇ ಮೊದಲು ತಿಕ್ಕಿಬಿಟ್ಟಳು. ನಾನು ಬಿದ್ದು ಬಿದ್ದು ನಕ್ಕೆ.

ಡ್ರೈವರ್ ಮರಳಿ ಬಂದರು. ಇವತ್ತು ಹಾರನ್ನಿನ ಸುದ್ದಿಯಿಲ್ಲ. "ಸೋಮವಾರದಿಂದ ನನಗೆ ಬೇರೆ ರೂಟು. ಈ ಕಡೆ ಬಸ್ ಬರಲ್ಲ" ಎಂದರು.

ನನ್ನ ನಗು ಅಲ್ಲೇ ನಿಂತಿತು. ಅತ್ತೆ ಈಗ ಬಾಯಿ ಬಿಡದಿದ್ದರೆ ಈ ಮನುಷ್ಯ ಹೋದವರು ಹೋದ ಹಾಗೇ. ಮಾತಾಡೇ ಮಹಾತಾಯಿ, ಎಂದು ಒಳಗೊಳಗೇ ಬೇಡಿಕೊಂಡೆ.

"ಈ ಅಂಗಿ ನೀವು ಹಾಕ್ಕೊಳ್ಳೋದೇ ಇಲ್ಲ, ಅಲ್ವಾ?" ಎಂದಳು ಅತ್ತೆ.

ಅವರು ಕಳ್ಳ ಸಿಕ್ಕಿಬಿದ್ದಂತೆ ತಲೆ ತಗ್ಗಿಸಿದರು. "ಇಲ್ಲ."

"ಮತ್ಯಾಕೆ ದಿನಾ ಮುದುರಿಸ್ಕೊಂಡು ತರ್ತೀರಾ?"

"ಸುಮ್ನೆ ಬಂದು ಕೂತ್ರೆ ನೀವು ನೀರು ಚಿಮುಕಿಸ್ತೀರಾ ಅಂತ ಯಾರೋ ಹೇಳಿದ್ರು."

ಅತ್ತೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ನಗು ತಡೆದು ತಡೆದು ಅವಳ ಗಲ್ಲ ನಡುಗುತ್ತಿತ್ತು.

"ಹೊಸ ರೂಟಲ್ಲಿ ವಾರದ ರಜೆ ಯಾವತ್ತು?"

"ಗುರುವಾರ."

ಮೈ ಸುಡುವ ಜ್ವರದಲ್ಲೂ ಒಂದು ದಿನವೂ ಅಂಗಡಿ ಮುಚ್ಚದ ನಮ್ಮತ್ತೆ ನನ್ನ ಕಡೆ ತಿರುಗಿ ಹೇಳಿದಳು: "ಬಾಗಿಲಿಗೆ ಒಂದು ಬೋರ್ಡ್ ಬರಿಯೇ. ಇನ್ಮೇಲೆ ಗುರುವಾರ ರಜಾ."