ಎದೆ ಬಡಿಯುವುದು, ಎದೆ ಬಡಿದುಕೊಳ್ಳುವುದು

ಮೂರು ತಿಂಗಳಿಗೆಂದು ಮೈಸೂರಿನಿಂದ ಜಪಾನಿನ ಉರಯಾಸುವಿನ ನಮ್ಮ ಮನೆಗೆ ಬಂದ ಅತ್ತೆ, ಕೊರೋನಾ ಹಬ್ಬಿ ವಿಮಾನ ನಿಂತು, ಒಂದೂವರೆ ವರ್ಷ ಉಳಿದರು. ನನ್ನ ಗಂಡ ದೂರದ ನಗೋಯಾ ಊರಿನ ಕೆಲಸದಲ್ಲಿ ಸಿಕ್ಕಿಕೊಂಡಿದ್ದರು. ಊರಿಂದೂರಿಗೆ ಓಡಾಡಬೇಡಿ ಎಂದು ಕಂಪನಿಯವರ ಕಟ್ಟಪ್ಪಣೆ. ಎರಡು ಕೋಣೆಯ ಮನೆಯಲ್ಲಿ ಅತ್ತೆ, ನಾನು, ಹತ್ತು ವರ್ಷದ ನನ್ನ ಮಗಳು. ಅತ್ತೆಗೂ ನನಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಮೈಸೂರಿನಲ್ಲಾಗಿದ್ದರೆ ಒಬ್ಬರು ಹಿತ್ತಿಲಿಗೆ, ಒಬ್ಬರು ದೇವಸ್ಥಾನಕ್ಕೆ ಹೋಗಿ ಕೋಪ ಆರಿಸಿಕೊಳ್ಳಬಹುದಿತ್ತು. ಇಲ್ಲಿ ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದರೂ ಅವರ ಮಾತು ಹಿಂದೆಯೇ ಬರುತ್ತಿತ್ತು.

ಅತ್ತೆಗೆ ಥೈರಾಯ್ಡ್ ಮಾತ್ರೆ ದಿನಾ ಬೇಕು. ಊರಿಂದ ತಂದದ್ದು ಮುಗಿದಾಗ ಇಲ್ಲಿನ ಡಾಕ್ಟರು ಜಪಾನಿನ ಮಾತ್ರೆ ಕೊಟ್ಟು, ಬೆಳಗ್ಗೆ ಎದ್ದ ಕೂಡಲೇ ಎರಡು ಎಂದರು. ಅವು ಬೆಳ್ಳಿ ಹಾಳೆಯಲ್ಲಿ ಒಂದೊಂದಾಗಿ ಅಂಟಿಸಿದ ಮಾತ್ರೆಗಳು, ಅತ್ತೆಯ ಬೆರಳಿಗೆ ಒತ್ತಿ ತೆಗೆಯಲಾಗುತ್ತಿರಲಿಲ್ಲ. ನಾನೇ ಎಲ್ಲ ಬಿಡಿಸಿ ಊರಿನ ಖಾಲಿ ಡಬ್ಬಿಗೆ ತುಂಬಿಟ್ಟೆ. ಡಬ್ಬಿ ಎಸೆಯದೆ ಇಟ್ಟುಕೊಳ್ಳುವುದು ನಮ್ಮ ಎರಡೂ ಮನೆಯವರಿಗೆ ಸಮಾನವಾದ ಒಂದೇ ಗುಣ. ಮುಂದೆ ಪಾರ್ಸೆಲ್ ಓಡಾಡತೊಡಗಿದ ಮೇಲೆ ನಾದಿನಿ ಊರಿನ ಅದೇ ಮಾತ್ರೆ ಕಳಿಸಿದಳು. ಹಳೆಯ ಡಬ್ಬಿ ಬರಿದಾದ ದಿನ ಅದೇ ಜಾಗದಲ್ಲಿ ಹೊಸದನ್ನು ಇಟ್ಟೆ. ಅತ್ತೆ ಎಂದಿನಂತೆ ಎರಡು ನುಂಗುತ್ತ ಬಂದರು.

ಮೂರು ವಾರ ಕಳೆಯುವಷ್ಟರಲ್ಲಿ ಅವರ ನಿದ್ದೆ ಹಾರಿತು. ಬೆಳಗ್ಗೆ ನಾನು ಏಳುವ ಹೊತ್ತಿಗೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ಒರೆಸಿ, ಆ ದಿನದ ಬೈಗುಳವನ್ನೂ ಹದ ಮಾಡಿಕೊಂಡು ಕೂತಿರುತ್ತಿದ್ದರು. ಕೈ ನಡುಗುತ್ತಿತ್ತು. ಹೊರಗೆ ಕೊರೆಯುವ ಚಳಿಯಿದ್ದರೂ ಕಿಟಕಿ ತೆಗೆ ಎನ್ನುತ್ತಿದ್ದರು. ಕೊರೋನಾಕ್ಕೆಂದು ಕೊಂಡಿದ್ದ, ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ, ಸುಮ್ಮನೆ ಕೂತಾಗಲೂ ನಾಡಿ ನೂರಹದಿನೈದು.

"ನಿನ್ನ ಕಾಫಿ ಕಣೇ ಇದು. ಡಿಕಾಕ್ಷನ್ ಅಲ್ಲ, ಕಷಾಯ ಇಳಿಸ್ತೀಯ."

"ಹಾಗಾದ್ರೆ ಕುಡೀಬೇಡಿ ಅತ್ತೆ."

"ಕುಡಿಯೋದೂ ಬೇಡ, ಉಣ್ಣೋದೂ ಬೇಡ. ನಮ್ಮಣ್ಣನ ಹಾಗೆ ಎದೆ ಓಡಿ ಓಡಿ ನಿಂತು ಹೋಗ್ಲಿ ಅಂತ ತಾನೇ ನಿಂಗೆ?"

ಅವರ ಅಣ್ಣ ಹೋದದ್ದು ಹಾಗೆಯೇ. ಆ ಹೆದರಿಕೆ ಅವರ ಕಣ್ಣಲ್ಲಿ ಕಾಣುತ್ತಿತ್ತು. ಆದರೂ ನಾನು, ಹೇಳಲು ನಾಚಿಕೆಯಾಗುತ್ತದೆ, ಇದೆಲ್ಲ ನಾಟಕ ಎಂದೇ ತಿಳಿದೆ. "ಸುಮ್ನೆ ಎದೆ ಬಡ್ಕೋಬೇಡಿ ಅತ್ತೆ" ಎಂದು ದಿನಕ್ಕೆ ನಾಲ್ಕು ಸಲ ಅಂದಿದ್ದೇನೆ.

ಕೊನೆಗೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ರೋಗಿಯ ಜೊತೆ ಒಬ್ಬರೇ ಒಳಗೆ ಹೋಗಬೇಕಂತೆ. ನನ್ನ ಜಪಾನಿ ಭಾಷೆ ಬೀದಿಯ ಕೊಂಬಿನಿ ಅಂಗಡಿಯಲ್ಲಿ ಹಾಲು ಮೊಸರು ಕೊಳ್ಳುವಷ್ಟು. ಮಗಳನ್ನೇ ಕಳಿಸಿದೆ.

"ಅಜ್ಜಿಗೆ ಎದೆ ಬಡ್ಕೊಳ್ಳುತ್ತೆ, ನಿದ್ದೆ ಬರಲ್ಲ ಅಂತ ಹೇಳು ಪುಟ್ಟಿ."

ಕಾಲು ಗಂಟೆಗೆ ಹೊರಬಂದರು. ಕೈಯಲ್ಲಿ ಮನಸ್ಸು ಶಾಂತವಾಗಲೆಂದು ಕೊಟ್ಟ ಗಿಡಮೂಲಿಕೆಯ ಪುಡಿ.

"ಏನಂದ್ರು?"

"ಮನೇಲಿ ಅಜ್ಜಿಗೆ ಯಾರು ಸ್ಯಾಡ್ ಮಾಡ್ತಾರೆ ಅಂತ ಕೇಳಿದ್ರು. ನಾನು ಮಮ್ಮಿ ಅಂದೆ."

ಅವಳಿಗೆ ಗೊತ್ತಿದ್ದ 'ಎದೆ ಬಡಿದುಕೊಳ್ಳುವುದು' ನಾನು ಕಲಿಸಿದ್ದೇ: ಜಗಳದಲ್ಲಿ ಅಜ್ಜಿ ಮಾಡುವಂಥದ್ದು. ಅಜ್ಜಿ ತನ್ನ ಎದೆಗೆ ತಾನೇ ಗುದ್ದಿಕೊಳ್ಳುತ್ತಾಳೆ ಎಂದು ಡಾಕ್ಟರ ಮುಂದೆ ಮುಷ್ಟಿ ಕಟ್ಟಿ ತೋರಿಸಿಯೂ ಬಂದಿದ್ದಳು.

"ನೋಡಿದ್ಯಾ, ಜಪಾನಿನ ಡಾಕ್ಟರ್‌ಗೂ ಗೊತ್ತಾಯ್ತು" ಎಂದರು ಅತ್ತೆ. ಆ ದಿನವೆಲ್ಲ ಮೈಸೂರಿಗೆ ಫೋನು.

ಮರುದಿನ ಬೆಳಗ್ಗೆ ನಾನು ಉರಿದುಕೊಂಡೇ ಎದ್ದಿದ್ದೆ. ಇನ್ನು ಮೇಲೆ ನಿಮ್ಮ ಮಾತ್ರೆ ನಿಮ್ಮ ತಲೆನೋವು ಎಂದು ಡಬ್ಬಿಯನ್ನು ಅವರ ಮುಂದೆ ಕುಕ್ಕಬೇಕೆಂದು ಕೈಗೆ ತೆಗೆದುಕೊಂಡೆ. ಅದರ ಮೇಲೆ ನೂರು ಮೈಕ್ರೋಗ್ರಾಂ ಎಂದಿತ್ತು. ಜಪಾನಿನ ಮಾತ್ರೆಯ ಖಾಲಿ ಹಾಳೆಯೊಂದು ಇನ್ನೂ ಡ್ರಾಯರಿನಲ್ಲಿತ್ತು. ಅದರ ಮೇಲೆ ಐವತ್ತು. ಐವತ್ತರದ್ದಾದ್ದರಿಂದ ಇಲ್ಲಿ ಎರಡು, ಊರಿನ ನೂರರದ್ದಾದರೆ ಒಂದೇ. ನೂರರದ್ದು ಎರಡಾದರೆ ಇಮ್ಮಡಿ. ಸಾಸಿವೆಗಿಂತ ತುಸು ದೊಡ್ಡ ಮಾತ್ರೆ ಅತ್ತೆಯ ನಿದ್ದೆಯನ್ನು ಕಿತ್ತು, ಎದೆಯನ್ನು ಓಡಿಸಿ, ಮೊದಲೇ ಇದ್ದ ಸಿಟ್ಟಿಗೆ ಎಣ್ಣೆ ಹೊಯ್ದಿತ್ತು. ಆ ಮಾತ್ರೆಯನ್ನು ಅಲ್ಲಿ ಇಟ್ಟವಳು ನಾನು.

ಸುಮ್ಮನೆ ಒಂದು ಮಾತ್ರೆ ಕಡಿಮೆ ಮಾಡಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಮಾಡೋಣವೆಂದು ಅನ್ನಿಸಿಯೂ ಅನ್ನಿಸಿತು. ಆದರೆ ಆ ಎದೆಗೆ ಈಗಾಗಲೇ ಏನಾಗಿದೆಯೋ ಡಾಕ್ಟರು ನೋಡಬೇಕಿತ್ತು. ಅದಕ್ಕೆ ನಿಜ ಹೇಳದೆ ದಾರಿಯಿರಲಿಲ್ಲ.

ಅಂದೇ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಮೂವರೂ ಕ್ಲಿನಿಕ್ಕಿನ ಒಳಗೆ ನುಗ್ಗಿದೆವು. ಡಬ್ಬಿಯನ್ನೂ ಹಾಳೆಯನ್ನೂ ಡಾಕ್ಟರ ಮೇಜಿನ ಮೇಲೆ ಇಟ್ಟು, ಬರುವಷ್ಟು ಜಪಾನಿಯಲ್ಲಿ ನಾನೇ ಹೇಳಿದೆ. ಅವರು ಅತ್ತೆಯನ್ನು ಮಲಗಿಸಿ ಇಸಿಜಿ ತೆಗೆದು, ರಕ್ತ ತೆಗೆಸಿದರು. ಎದೆಯ ಓಟ ಜೋರಾಗಿದೆ, ತಾಳ ತಪ್ಪಿಲ್ಲ ಎಂದರು. ಒಂದು ವಾರ ಮಾತ್ರೆ ಪೂರ್ತಿ ನಿಲ್ಲಿಸಿ, ಆಮೇಲೆ ಬಂದು ತೋರಿಸಬೇಕು.

ಅತ್ತೆ ಎದ್ದು ಕೂತು, ಸೆರಗು ಸರಿಮಾಡಿಕೊಂಡು ಮೊಮ್ಮಗಳನ್ನು ಕೇಳಿದರು. "ನಿಮ್ಮಮ್ಮ ಏನಂದ್ಲೇ ಅವರ ಹತ್ರ?"

"ಅಜ್ಜಿ, ಮಿಸ್ಟೇಕ್ ನಂದು, ಅತ್ತೆದಲ್ಲ ಅಂದ್ಲು ಮಮ್ಮಿ."

ಅತ್ತೆ ನನ್ನ ಕಡೆ ತಿರುಗಲಿಲ್ಲ. "ಕನ್ನಡದಲ್ಲಿ ಹೇಳಕ್ಕೆ ಹೇಳು" ಎಂದರು.