ಪುಕ್ಕಟೆ ನೀರಿನ ಎಲೆ

ಸವಣೂರಿನ ಫಕ್ಕೀರವ್ವ ಸಿಟ್ಟು ಮರೆಯುವ ಹೆಂಗಸಲ್ಲ. ಮರೆಯಲೂಬಾರದು ಅನ್ನುವವನು ನಾನು. ಅವಳ ತೋಟದ ವೀಳ್ಯದೆಲೆ ಹಾಕಿಕೊಂಡೇ ನನ್ನ ಹಲ್ಲು ಕೆಂಪಾಗಿವೆ.

ಊರಿನ ಗಟಾರ ಮೇಲಿನ ಹೊಲದ ಪರಮೇಶ್ವರಪ್ಪನ ಬದುವಿಗುಂಟ ಹರಿಯುತ್ತಿತ್ತು. ನಾತ ತಾಳದೆ ಆತ ಅದಕ್ಕೆ ಒಡ್ಡು ಹಾಕಿ, ಕೆಳಗಿದ್ದ ಇವಳ ಎಲೆತೋಟಕ್ಕೆ ತಿರುಗಿಸಿದ. ಪುಕ್ಕಟೆ ಗೊಬ್ಬರ, ಅಮೃತ ಅಂದ. ಮೊದಲ ವರ್ಷ ಎಲೆ ಅಂಗೈಗಿಂತ ಅಗಲ ಬಂದವು. ಪಾಪ, ಇವಳು ಅವನಿಗೆ ಕೈ ಮುಗಿದಿದ್ದಳು.

ಆಮೇಲೆ ಮಣ್ಣು ಕೆಟ್ಟಿತು. ಮೇಲೆ ಬಿಳಿ ಉಪ್ಪು, ಒಳಗೆ ಗಟ್ಟಿ ಹೆಂಟೆ. ನೀರು ಇಂಗದೆ ನಿಂತು ಬಳ್ಳಿಯ ಬೇರು ಕೊಳೆತವು. ಅತ್ತೆಯ ಕಾಲದಿಂದ ಸಗಣಿ ಗೊಬ್ಬರ ಹೊತ್ತು ಹಾಕಿ ಮೆತ್ತಗೆ ಮಾಡಿದ್ದ ನೆಲಕ್ಕೆ ಗುದ್ದಲಿ ಇಳಿಯಲಿಲ್ಲ. ಒಡ್ಡು ತೆಗೆಯಿರೆಂದು ಕೇಳಲು ಹೋದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕು ಕಳಿಸಿದ.

ಇಷ್ಟಾದ ಮೇಲೂ ಮಗಳ ನಿಶ್ಚಯಕ್ಕೆ ಅವಳ ತೋಟದ ಎಲೆಯೇ ಬೇಕೆಂದು ಹೇಳಿಕಳಿಸಿದ. ಮೂರೂ ಬಿಟ್ಟವನು ಊರಿಗೆ ದೊಡ್ಡವನು. ಫಕ್ಕೀರವ್ವ ಒಲ್ಲೆ ಅನ್ನಲಿಲ್ಲ. ತೋಟದ ಆಚೆ ಮೂಲೆಯಲ್ಲಿ ಬಾವಿ ನೀರು ಕುಡಿದು ಉಳಿದಿದ್ದ ಬಳ್ಳಿಗಳನ್ನು ಬಿಟ್ಟು, ಗಟಾರದ ಪಕ್ಕ ಸಾಯದೆ ಉಳಿದಿದ್ದವುಗಳಲ್ಲೇ ಹುಡುಕಿ ಹುಡುಕಿ ಕೊಯ್ದಳು. ತಾನೇ ಹೊತ್ತು ತಂದು ಕೊಟ್ಟು, ರೊಕ್ಕ ಬೇಡ ಅಂದಳು.

ಶಾಸ್ತ್ರ ಮುಗಿಯಿತು. ಗಂಡಿನ ಕಡೆಯ ಹಿರಿಯರು ಎಲೆ ಬಾಯಿಗಿಟ್ಟವರೇ ಎದ್ದು ಹೋಗಿ ಉಗುಳಿದರು. ಎಲ್ಲಿಯ ಎಲೆ ಇದು, ಗಟಾರದ ವಾಸನೆ ಹೊಡೆಯುತ್ತದಲ್ಲ ಎಂದರು. ಮಂದಿಯ ನಡುವಿನಿಂದ ಫಕ್ಕೀರವ್ವ ಎದ್ದಳು.

"ತ್ವಾಟ ನಂದರಿ, ನೀರು ಪರಮೇಶ್ವರಪ್ಪನವರದು. ಊರ ಗಟಾರ ನನ್ನ ತ್ವಾಟಕ್ಕ ಪುಕ್ಕಟ ಬಿಟ್ಟಾರ. ನಾನೂ ಪುಕ್ಕಟ ಎಲಿ ಕೊಟ್ಟೇನಿ."

ಒಳಗೆ ಊಟ ಸಿದ್ಧವಿತ್ತು, ಬದನೆಕಾಯಿ ಪರಮೇಶ್ವರಪ್ಪನ ಹೊಲದ್ದೇ. ಹಿರಿಯರು ಅವನತ್ತ ತಿರುಗಿ, ಅದಕ್ಕೂ ಇದೇ ನೀರೇನು ಎಂದು ಕೇಳಿದರು.

"ಇಲ್ರಿ, ಇಲ್ರಿ. ನಾವು ಉಣ್ಣೂದಕ್ಕ ಬೋರ್ ನೀರು. ಆ ಹೊಲಸು ನಮ್ಮ ಹೊಲಕ್ಕ ಬಿಡಂಗಿಲ್ರಿ."

ಅಂದ ಮೇಲೆ ನಾಲಗೆ ಕಚ್ಚಿಕೊಂಡ. ಅಷ್ಟು ವರ್ಷ ಅಮೃತ ಅಂದವನ ಬಾಯಿಂದ, ಇಡೀ ಊರಿನ ಮುಂದೆ, ಹೊಲಸು ಎಂಬ ಮಾತು ಬಿದ್ದಿತ್ತು. ನಾನು ಆ ಖುಷಿಗೆ ಎರಡು ಹೋಳಿಗೆ ಹೆಚ್ಚೇ ತಿಂದೆ.

ಮರುದಿನವೇ ಅವನು ಒಡ್ಡು ಒಡೆಸಿದ. ಗಟಾರ ಮತ್ತೆ ಅವನ ಬದುವಿಗೆ ಹೋಯಿತು. ಫಕ್ಕೀರವ್ವ ಕೆರೆಮಣ್ಣು ತಂದು ಸುರಿಯುತ್ತಿದ್ದಾಗ, ಇನ್ನಾದರೂ ಸಿಟ್ಟು ಹೋಯಿತೇ ಎಂದು ಕೇಳಿದೆ. ಅವಳು ಗುದ್ದಲಿ ಎತ್ತಿ ನೆಲಕ್ಕೆ ಹಾಕಿದಳು. ಅದು ಠಣ್ಣೆಂದು ಹಿಂದಕ್ಕೆ ಬಂತು.

"ಇದು ನೆಲದಾಗ ಇಳದ ದಿನ ಕೇಳಪಾ," ಅಂದಳು.